ಮನೇಲೇ ಇರ್ತೀರಲ್ಲಾ

ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಹೋದವರನ್ನು ಓನರ್‌ಗಳು ಗೇಟಿನಲ್ಲೇ ಅಳೆದುಬಿಡುತ್ತಾರೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಈ ಊರಲ್ಲಿದೆ. ಅಷ್ಟು ವರ್ಷ ಬಾಡಿಗೆಯವರನ್ನು ಕಂಡು ಪಳಗಿದ ಕಣ್ಣು ಅವರದು. ಹುಡುಗರಾದರೆ ರಾತ್ರಿಯೆಲ್ಲ ಗಲಾಟೆ. ಮೆಡಿಕಲ್ ಕಾಲೇಜಿನ ಡಾಕ್ಟರಾದರೆ ಬಾಡಿಗೆ ಸ್ವಲ್ಪ ಜಾಸ್ತಿ ಹೇಳಬಹುದು. ಲೆಕ್ಚರರ್ ಆದರೆ ಕಣ್ಣು ಮುಚ್ಚಿ ಕೊಡಬಹುದು. ನನ್ನ ಗಂಡ ಲೆಕ್ಚರರ್. ಹಾಗಾಗಿ ಮನೆ ಸಲೀಸಾಗಿ ಸಿಕ್ಕಿತು. ತೊಡಕಾಗಿದ್ದು ನನ್ನ ವಿಷಯದಲ್ಲಿ.

"ನಿಮ್ದೆಲ್ಲಿ ಕೆಲ್ಸ?" ಅಂತ ಓನರ್ ಅಮ್ಮ ಕೇಳಿದರು.

"ಬೆಂಗಳೂರಲ್ಲಿ."

"ದಿನಾ ಹೋಗಿ ಬತ್ತೀರಾ?"

"ಇಲ್ಲಮ್ಮ, ಮನೆಯಿಂದಲೇ ಮಾಡೋದು."

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ದನಿ ತಗ್ಗಿಸಿ, "ಹೋಗ್ಲಿ ಬಿಡಮ್ಮ, ಇವತ್ತಲ್ಲ ನಾಳೆ ಇಲ್ಲೇ ಎಲ್ಲಾದ್ರೂ ಸಿಗುತ್ತೆ" ಅಂದರು. ಕೆಲಸ ಕಳೆದುಕೊಂಡವಳಿಗೆ ಹೇಳುವ ಸಮಾಧಾನ ಅದು. ಅಡ್ವಾನ್ಸ್ ನನ್ನ ಅಕೌಂಟಿನಿಂದಲೇ ಹೋಗಿದ್ದನ್ನು ಆಗ ಎತ್ತಿ ಆಡಬೇಕು ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಬೀದಿಗೆಲ್ಲ ನಾನು "ಮನೇಲೇ ಇರೋರು" ಆದೆ. "ನೀವು ಹೆಂಗೂ ಮನೇಲೇ ಇರ್ತೀರಲ್ಲಾ" ಅಂತ ಶುರುವಾಗುವ ಮಾತು ಒಂದು ಕೆಲಸದಲ್ಲೇ ಮುಗಿಯುತ್ತದೆ. ಮೇಲಿನ ಮನೆಯವರು ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನವರು. ಅವರ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು. ಎದುರುಮನೆಯ ಹುಡುಗಿಯ ಆನ್‌ಲೈನ್ ಪಾರ್ಸೆಲ್ಲುಗಳೂ ಇಲ್ಲಿಗೇ. ಅವಳು ವಾಪಸ್ ಕಳಿಸುವ ಚಪ್ಪಲಿಗಳನ್ನು ಕೊರಿಯರ್ ಹುಡುಗನಿಗೆ ಕೊಡುವವಳೂ ನಾನೇ. ಟ್ಯಾಂಕ್ ತುಂಬಿ ಸುರಿಯತೊಡಗಿದರೆ ಮೋಟ್ರು ಆಫ್ ಮಾಡಬೇಕು. ಒಂದು ಸಲ ಓನರ್ ಅಮ್ಮ ತಾರಸಿ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟು, "ಹನಿ ಬಿದ್ರೆ ಒಂಚೂರು ಎತ್ತಿಡಮ್ಮ" ಅಂತ ಹೇಳಿ ಮದುವೆಗೆ ಹೋದರು.

ಮಳೆ ಬಂದಿದ್ದು ಮಧ್ಯಾಹ್ನದ ಮೀಟಿಂಗಿನಲ್ಲಿ. ರಿಲೀಸ್ ಯಾಕೆ ತಡವಾಯ್ತು ಅಂತ ಮ್ಯಾನೇಜರಿಗೆ ವಿವರಿಸುತ್ತಿದ್ದೆ. ಕಿಟಕಿಯ ಶೀಟಿನ ಮೇಲೆ ಟಪ್ ಅಂತ ಒಂದು ಹನಿ, ಅದರ ಹಿಂದೆ ಇನ್ನೆರಡು. ಹೆಡ್‌ಸೆಟ್ ಕಿವಿಯಲ್ಲೇ ಇಟ್ಟುಕೊಂಡು, ಮಾತು ನಿಲ್ಲಿಸದೆ ಮೆಟ್ಟಿಲು ಹತ್ತಿದೆ. ಅರ್ಧ ಮೆಟ್ಟಿಲಿಗೆ ವೈಫೈ ಕೈಕೊಟ್ಟಿತು. ಪಂಚೆಯ ನಾಲ್ಕು ಮೂಲೆ ಎತ್ತಿದರೆ ಅರೆ ಒಣಗಿದ ಸಂಡಿಗೆಯೆಲ್ಲ ನಡುವಿಗೆ ಜಾರಿ ಒಂದರ ಮೇಲೊಂದು ಬಿತ್ತು. ಮೂಟೆ ಅಪ್ಪಿಕೊಂಡು ಕೆಳಗೆ ಬರುವಷ್ಟರಲ್ಲಿ ಸ್ಕ್ರೀನಿನಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದರು. "ನೆಟ್‌ವರ್ಕ್ ಪ್ರಾಬ್ಲಂ" ಅಂದೆ. "ಸಣ್ಣ ಊರಲ್ಲಿ ಇದೇ ತೊಂದರೆ ಅಲ್ವಾ" ಅಂತ ಯಾರೋ ಮರುಗಿದರು. ಸಂಜೆ ಸಂಡಿಗೆ ಬಿಡಿಸಿ ಬಿಡಿಸಿ ಮೊರದಲ್ಲಿ ಹರವಿದ್ದಕ್ಕೆ ನನಗೊಂದು ಡಬ್ಬಿ ಸಂಡಿಗೆ ಬಂತು. ಕಂಪನಿಯವರು ಅಷ್ಟು ಬೇಗ ಯಾವುದಕ್ಕೂ ಬೋನಸ್ ಕೊಟ್ಟಿದ್ದಿಲ್ಲ.

ಹಾಗಂತ ಬೇಜಾರೇ ಇಲ್ಲ ಅಂದರೆ ಸುಳ್ಳಾದೀತು. ಅದರಲ್ಲೂ ಎಂಸಿಎಫ್ ನೆನಪಾದಾಗ. ಇದೇ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿನವರು ಹಾಸನದಲ್ಲಿ ಕೂತು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಜಾಗ ಬಿಟ್ಟು ಸರಿದರೆ ಮತ್ತೆ ಜಾಗಕ್ಕೆ ತರುತ್ತಾರೆ, ಮುಖ ತಿರುಗಿಸುತ್ತಾರೆ, ಇಂಧನ ಎಷ್ಟು ಉಳಿಯಿತು ಅಂತ ಲೆಕ್ಕ ಇಡುತ್ತಾರೆ. ಆ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಇಂಧನ ಮುಗಿದು ಸೆಪ್ಟೆಂಬರಿಗೇ ಕೈಬಿಟ್ಟಿತು. ಮರುವರ್ಷದ 1ಬಿ ವರ್ಷಗಟ್ಟಲೆ ನಡೆಯಿತು. ನಮ್ಮ ಅಜ್ಜಿ ಮನೆಯ ಟಿವಿಗೆ ಬರುತ್ತಿದ್ದ ದೂರದರ್ಶನಕ್ಕೂ ಇಲ್ಲಿ ಯಾರೋ ರಾತ್ರಿ ಪಾಳಿ ಮಾಡಿದ್ದಾರೆ. ರಿಮೋಟ್ ವರ್ಕ್ ಅಂದರೆ ಅದು! ಅಲ್ಲಿಂದ ಹೊರಟ ಸಿಗ್ನಲ್ ಮೇಲೆ ಹೋಗಿ ಮರಳಲು ಹೆಚ್ಚುಕಡಿಮೆ ಕಾಲು ಸೆಕೆಂಡು. ನನ್ನ ಆಫೀಸು ಇರುವುದು 180 ಕಿಲೋಮೀಟರ್ ಆಚೆ. ಕೆಲವು ದಿನ ನನ್ನ "ಹಲೋ" ಅಲ್ಲಿಗೆ ಮುಟ್ಟುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಆದರೂ ಎಂಸಿಎಫ್‌ನವರಿಗೆ ಯಾರೂ ಸಂಡಿಗೆ ಕಾಯಲು ಹೇಳುವುದಿಲ್ಲ. ಅವರಿಗೆ ಕೊರಳಲ್ಲಿ ಕಾರ್ಡಿದೆ, ಕೈಯಲ್ಲಿ ಊಟದ ಡಬ್ಬಿಯಿದೆ, ಹತ್ತಲು ಬಸ್ಸಿದೆ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಗೇಟು ದಾಟಿದರೆ ಮಾತ್ರ ಅದು ಕೆಲಸ. ನಾನೂ ಒಂದು ದಿನ ಬ್ಯಾಗು ಹೆಗಲಿಗೇರಿಸಿ ಎಂಟೂವರೆಗೆ ಹೊರಟೆ. ಮಹಾರಾಜ ಪಾರ್ಕಿನಲ್ಲಿ ಸುತ್ತು ಹೊಡೆದು ಲಾಗಿನ್ ಹೊತ್ತಿಗೆ ವಾಪಸ್ ಬಂದೆ. ಹೂವು ಕೀಳುತ್ತಿದ್ದ ಓನರ್ ಅಮ್ಮ, "ಯಾಕಮ್ಮ, ಇವತ್ತು ರಜಾ ಕೊಟ್ಬುಟ್ರಾ?" ಅಂದರು.

ನನ್ನ ಹೊತ್ತುಗೊತ್ತು ಏನೇ ಇರಲಿ, ಈ ಬೀದಿಯ ಗಡಿಯಾರ ಕಾಲೇಜಿನದು. ಇಂಟರ್ನಲ್ಸ್ ಬಂತು ಅಂದರೆ ಝೆರಾಕ್ಸ್ ಅಂಗಡಿಯ ಮುಂದೆ ನೂಕುನುಗ್ಗಲು. ಪರೀಕ್ಷೆ ಮುಗಿದ ರಾತ್ರಿ ಪಿಜಿ ಹುಡುಗರು ಸಿನಿಮಾ ನೋಡಲು ಕೂತರೆ ನನ್ನ ಇಂಟರ್ನೆಟ್ ತೆವಳುತ್ತದೆ. ರಜೆ ಬಂದರೆ ಗೋಬಿ ಗಾಡಿಯವನೂ ಊರಿಗೆ ಹೋಗುತ್ತಾನೆ. ಮಳೆಗಾಲದ ಚಳಿಯಲ್ಲಿ ಬಡವರ ಊಟಿ ಅನ್ನುವ ಹೆಸರು ನಿಜ ಅನ್ನಿಸುತ್ತದೆ. ಬಟ್ಟೆ ಒಣಗುವುದಿಲ್ಲ ಅನ್ನುವುದು ಆ ಹೆಸರಿನೊಳಗೆ ಸೇರಿಲ್ಲ, ಅಷ್ಟೆ.

ಆಫೀಸಿನವರು ಅಪರೂಪಕ್ಕೆ ಬಾ ಅನ್ನುತ್ತಾರೆ. ಮೊದಲು ರೈಲು ಅರಸೀಕೆರೆ ಸುತ್ತಿಕೊಂಡು ಹೋಗಬೇಕಿತ್ತು. 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ದಾರಿಯಿದೆ. ಬೆಂಗಳೂರಿನಲ್ಲಿ ಇಳಿದು ಅಯ್ಯಂಗಾರ್ ಬೇಕರಿಯಲ್ಲಿ ಖಾರ ಬನ್ ತಿನ್ನುವಾಗ ನಗು ಬರುತ್ತದೆ. ಆ ಬೇಕರಿಗಳವರು ಬಹಳಷ್ಟು ಜನ ಹಾಸನ ಜಿಲ್ಲೆಯ ಹಳ್ಳಿಗಳಿಂದಲೇ ಹೋದವರು. ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕು ಅನ್ನುವುದನ್ನು ಅಷ್ಟು ನಿಷ್ಠೆಯಿಂದ ನಂಬಿದ ಜಿಲ್ಲೆಗೆ ನನ್ನ ಕೆಲಸ ಅರ್ಥವಾಗದಿದ್ದರೆ ತಪ್ಪೇನು?

ಇನ್ನು ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದರೆ ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ, ಮತ್ತೆ ವರ್ಷವಿಡೀ ದರ್ಶನವಿಲ್ಲ. ನನ್ನ ನಂಬರು ಮರೆತೇಹೋಗಿದ್ದ ನೆಂಟರಿಗೆಲ್ಲ ಆಗ ನನ್ನ ಆರೋಗ್ಯದ ಚಿಂತೆ ಹತ್ತುತ್ತದೆ. ಕುಶಲ ಕೇಳಿ, "ಪಾಸ್ ಏನಾದ್ರೂ ಸಿಗುತ್ತಾ?" ಅನ್ನುತ್ತಾರೆ. ಪಾಸ್ ಕೊಡಿಸುವ ಕೈ ನನ್ನದಲ್ಲ. ಆದರೂ ಬರುತ್ತಾರೆ. ನನ್ನ ಆಫೀಸು ರೂಮಿನಲ್ಲಿ ಚಾಪೆ ಹಾಸುತ್ತಾರೆ, ನನ್ನ ಕುರ್ಚಿಯ ಮೇಲೆ ಒದ್ದೆ ಟವೆಲ್ ಹರವುತ್ತಾರೆ. ಹೋದ ಸಲ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಝೆರಾಕ್ಸ್ ಅಂಗಡಿಗೆ ಹೋದೆ. ಹಬ್ಬದ ರಜೆ, ಗಿರಾಕಿ ಇರಲಿಲ್ಲ. ಸ್ಪೈರಲ್ ಬೈಂಡಿಂಗ್ ಮೆಷಿನ್ನಿನ ಪಕ್ಕದ ಟೇಬಲ್ ಖಾಲಿ ಮಾಡಿಕೊಟ್ಟ ಅಂಗಡಿಯವರು, ದುಡ್ಡು ಗಿಡ್ಡು ಏನೂ ಬೇಡ ಮೇಡಂ ಅಂದರು. ಹೆಂಗೂ ಇಲ್ಲೇ ಕೂತಿರ್ತೀರಲ್ಲಾ, ನಾನು ಊಟಕ್ಕೆ ಹೋಗಿ ಬರೋವರೆಗೆ ಗಲ್ಲಾ ನೋಡ್ಕೊಂಡ್ರೆ ಸಾಕು.