ಉಣ್ಣೆಗೆ ಗಾಳಿ ಕೊಡಿ

ಕೈಯಲ್ಲಿ ಹೆಣೆದ ಉಣ್ಣೆ ಬಟ್ಟೆಯ ಬಗ್ಗೆ ನನ್ನ ಮಾತು ಇಷ್ಟೇ: ನಾವು ಅದನ್ನು ಜಾಸ್ತಿ ಒಗೆಯುತ್ತೇವೆ. ಅದನ್ನೂ ಹತ್ತಿ ಬಟ್ಟೆ ಒಗೆದ ಹಾಗೇ ಒಗೆಯುತ್ತೇವೆ. ನಾರ್ವೆಯ ಬರ್ಗನ್‌ನಲ್ಲಿ ನೆಲೆಸಿದ ಮೇಲೆ ಇಲ್ಲಿಯವರ ಪದ್ಧತಿ ನೋಡಿ ನೋಡಿ ನನಗೆ ಇದು ಖಚಿತವಾಗಿದೆ. ಈ ಒಂದು ವಿಷಯದಲ್ಲಿ ಇವರ ದಾರಿಯೇ ಸರಿ.

ಬರ್ಗನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಊರಲ್ಲಿ ಬಟ್ಟೆ ಒಣಗೋದು ಎಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆದರೂ ಇಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಮೈಮೇಲೂ ಉಣ್ಣೆ. ಶಿಶುವಿಹಾರದ ಪುಟ್ಟ ಮಕ್ಕಳು ಮಳೆಯಲ್ಲೂ ಹಿಮದಲ್ಲೂ ಹೊರಗೇ ಆಡುತ್ತವೆ. ಒಳಗೆ ತೆಳ್ಳಗಿನ ಉಣ್ಣೆಯ ಅಂಗಿ, ಮೇಲೆ ಹೆಣೆದ ಸ್ವೆಟರು, ಕೈಗೆ ಕೈಗವಸು. ಸಂಜೆ ಮನೆಗೆ ಬಂದ ಮೇಲೆ ಆ ಸ್ವೆಟರು ನೇರ ಮೆಷಿನ್ನಿಗೆ ಹೋಗುವುದಿಲ್ಲ. ಚೆನ್ನಾಗಿ ಕೊಡವಿ, ಬಾಲ್ಕನಿಯಲ್ಲೋ ಕಿಟಕಿ ತೆರೆದ ಕೋಣೆಯಲ್ಲೋ ರಾತ್ರಿಯಿಡೀ ಹರವಿಡುತ್ತಾರೆ. ಅನ್ನದ ಕಲೆಯೋ ಮಣ್ಣೋ ಆಗಿದ್ದರೆ ಅಷ್ಟು ಜಾಗವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬೆಳಿಗ್ಗೆ ಮೂಗಿಗೆ ಹಿಡಿದು ನೋಡಿ, ವಾಸನೆ ಇಲ್ಲದಿದ್ದರೆ ಮತ್ತೆ ಅದೇ. ಸೆಟೆಸ್ದಾಲ್ ಕಣಿವೆಯ ಕಪ್ಪು ಮೈ, ಬಿಳಿ ಚುಕ್ಕೆಯ ಕಾರ್ಡಿಗನ್ ಇಲ್ಲಿ ಬಹಳ ಹೆಸರುವಾಸಿ. ಅಪ್ಪನದನ್ನು ಮಗ ಹಾಕಿಕೊಂಡು ಓಡಾಡುವಷ್ಟು ಬಾಳಿಕೆ ಬರುತ್ತದೆ. ಅಷ್ಟು ಬಾಳಲು ಮುಖ್ಯ ಕಾರಣ ಅದು ನೀರು ಕಾಣುವುದೇ ಅಪರೂಪ ಅನ್ನೋದು.

ಇದರಲ್ಲಿ ಕೊಳಕುತನ ಏನೂ ಇಲ್ಲ. ಉಣ್ಣೆಯ ಎಳೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೆವರಿನ ತೇವವನ್ನೂ ವಾಸನೆಯನ್ನೂ ಒಳಗೆ ಎಳೆದುಕೊಂಡು, ಗಾಳಿಗೆ ಇಟ್ಟಾಗ ಬಿಟ್ಟುಕೊಡುತ್ತದೆ. ಹತ್ತಿಗೆ, ಪಾಲಿಯೆಸ್ಟರಿಗೆ ಈ ಗುಣ ಇಷ್ಟರಮಟ್ಟಿಗೆ ಇಲ್ಲ.

ಹಾಗಂತ ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಮಡಿಗೆ ಉಡುವ ಧಾಬಳಿಯನ್ನು ನೆನಪಿಸಿಕೊಳ್ಳಿ. ಹತ್ತಿ ಪಂಚೆಯನ್ನು ದಿನಾ ಒಗೆದು ಒಣಗಿಸಿಯೇ ಉಡಬೇಕು ಅನ್ನುವ ಮನೆಯಲ್ಲೇ ಧಾಬಳಿಗೆ ಆ ಕಟ್ಟುಪಾಡು ಇರಲಿಲ್ಲ. ಉಣ್ಣೆಗೂ ರೇಷ್ಮೆಗೂ ಮೈಲಿಗೆ ಬೇಗ ತಟ್ಟುವುದಿಲ್ಲ ಅಂತ ಹಿರಿಯರು ಒಪ್ಪಿಕೊಂಡಿದ್ದರು. ಚಳ್ಳಕೆರೆಯ ಕಡೆ ಕುರುಬರು ನೇಯುವ ಕಂಬಳಿಯನ್ನೂ ಯಾರೂ ವಾರಕ್ಕೊಮ್ಮೆ ಒಗೆಯುವುದಿಲ್ಲ. ಹುಣಿಸೆ ಬೀಜದ ಗಂಜಿ ಕುಡಿಸಿದ ಗಟ್ಟಿ ಕಂಬಳಿ ಅದು. ಕೊಡವಿ ಬಿಸಿಲಿಗೆ ಹಾಕಿದರೆ ಆಯಿತು. ರೇಷ್ಮೆ ಸೀರೆ ಉಟ್ಟು ಬಂದ ಮೇಲೆ ನೆರಳಲ್ಲಿ ಆರಲು ಹಾಕಿ ಮಡಚಿಡುತ್ತೇವೆ, ಅಲ್ವಾ? ಸ್ವೆಟರು ಬಂದ ಕೂಡಲೇ ಯಾಕೋ ಈ ಬುದ್ಧಿಯೆಲ್ಲ ಮರೆತುಹೋಗುತ್ತದೆ. ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು, ಕುಕ್ಕಿ ಹಿಂಡಿ ತಂತಿಗೆ ನೇತುಹಾಕುತ್ತೇವೆ.

ಒಂದು ಎಳೆ ಉಣ್ಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಪೊರೆ ಕೂತಿರುತ್ತದೆ. ಬಿಸಿ ನೀರು, ಕ್ಷಾರದ ಸೋಪು, ಉಜ್ಜಾಟ ಮೂರೂ ಸೇರಿದರೆ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಳೆಗಳು ಒಂದೇ ದಿಕ್ಕಿಗೆ ಜರುಗಿ ಗಂಟಾಗುತ್ತವೆ, ಹಿಂದಕ್ಕೆ ಬರುವುದಿಲ್ಲ. ಹಾಗೆ ಕುಗ್ಗಿ ಗಟ್ಟಿಯಾದ ಸ್ವೆಟರು ಮತ್ತೆ ಮೊದಲಿನಂತೆ ಆಗುವುದಿಲ್ಲ. ಇನ್ನೊಂದು ವಿಷಯ. ಕಲೆ ತೆಗೆಯುವ ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆಯೂ ಪ್ರೋಟೀನೇ. ಹಾಗಾಗಿ ಆ ಪುಡಿ ಕಲೆಯ ಜೊತೆ ಬಟ್ಟೆಯನ್ನೂ ಸವೆಸುತ್ತದೆ.

ಒಗೆಯಲೇಬೇಕಾದಾಗ ನಾನು ಮಾಡುವುದು ಹೀಗೆ. ಮೊದಲು ಸ್ವೆಟರನ್ನು ದೊಡ್ಡ ಕಾಗದದ ಮೇಲೆ ಹರಡಿ, ಸುತ್ತಲೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. 30 ಡಿಗ್ರಿಯ ನೀರು, ಅಂದರೆ ಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಅದಕ್ಕೆ ಉಣ್ಣೆಗೆಂದೇ ಸಿಗುವ ದ್ರವ ಸೋಪು. ಊರಲ್ಲಾದರೆ ಅಂಟುವಾಳಕಾಯಿಯ ನೀರು ತುಂಬಾ ಒಳ್ಳೆಯದು. ಸ್ವೆಟರನ್ನು ಒಳಮಗ್ಗಲು ಮಾಡಿ ಮುಳುಗಿಸಿ, ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟುಬಿಡಬೇಕು. ನಡುವೆ ಒಂದೆರಡು ಸಲ ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ಎತ್ತುವಾಗ ತೋಳು ಹಿಡಿದು ಎತ್ತಬಾರದು. ನೀರು ಕುಡಿದ ಉಣ್ಣೆ ತನ್ನ ಭಾರಕ್ಕೇ ಜಗ್ಗುತ್ತದೆ. ಎರಡೂ ಕೈಯಿಂದ ಇಡೀ ಮುದ್ದೆಯನ್ನೇ ಎತ್ತಿ ದಪ್ಪ ಟವೆಲ್ಲಿನ ಮೇಲೆ ಹಾಸಿ, ಟವೆಲ್ಲಿನ ಸಮೇತ ಸುರುಳಿ ಸುತ್ತಿ, ಅದರ ಮೇಲೆ ಬರಿಗಾಲಲ್ಲಿ ನಿಂತು ತುಳಿಯಿರಿ. ಟವೆಲ್ಲು ನೀರನ್ನೆಲ್ಲ ಕುಡಿದುಬಿಡುತ್ತದೆ. ಆಮೇಲೆ ಒಣ ಟವೆಲ್ಲಿನ ಮೇಲೆ ಹರಡಿ, ಗೆರೆ ಎಳೆದ ಕಾಗದ ಪಕ್ಕದಲ್ಲಿಟ್ಟುಕೊಂಡು ತೋಳು, ಕತ್ತು, ಅಂಚು ಅದೇ ಅಳತೆಗೆ ತಂದು ನೆರಳಲ್ಲಿ ಒಣಗಲು ಬಿಡಿ. ದಪ್ಪ ಸ್ವೆಟರಿಗೆ ಎರಡು ದಿನವೇ ಬೇಕಾಗಬಹುದು.

ಮೆಷಿನ್ನಿಗೆ ಹಾಕಲೇಬಾರದು ಅನ್ನುವ ನಮ್ಮ ಹೆದರಿಕೆ ಇಲ್ಲಿಯವರಿಗಿಲ್ಲ. ಮೆಷಿನ್ನಿನ ಉಣ್ಣೆ ಪ್ರೋಗ್ರಾಮ್ ಡ್ರಮ್ಮನ್ನು ತೊಟ್ಟಿಲಿನಷ್ಟೇ ಮೆಲ್ಲಗೆ ತೂಗುತ್ತದೆ, ಕೈಯ ಉಜ್ಜಾಟಕ್ಕಿಂತ ಅದೇ ಮೃದು ಅನ್ನುತ್ತಾರೆ. ಆ ಪ್ರೋಗ್ರಾಮ್ ನಿಜವಾಗಿ ಇರುವ ಮೆಷಿನ್ ಆದರೆ ನಾನೂ ಒಪ್ಪುತ್ತೇನೆ.

ಆದರೆ ನಮ್ಮೂರಲ್ಲಿ ‘ವುಲನ್’ ಅಂತ ಅಂಗಡಿಯಲ್ಲಿ ಕೊಡುವ ಉಂಡೆ ಬಹುಪಾಲು ಅಕ್ರಿಲಿಕ್. ಅದಕ್ಕೆ ಈ ಉಪಚಾರ ಏನೂ ಬೇಡ. ಅದು ಕುಗ್ಗಿ ಗಂಟಾಗುವುದಿಲ್ಲ. ಧೈರ್ಯವಾಗಿ ಒಗೆಯಿರಿ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಶಾಖಕ್ಕೆ ಎಳೆ ಸತ್ತು ಜೋಲುಬೀಳುತ್ತದೆ. ಯಾವ ದಾರ ಅಂತ ಗೊತ್ತಾಗದಿದ್ದರೆ ಒಂದು ತುಂಡನ್ನು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹತ್ತಿ ದಾರದ ಕ್ರೋಶಾ ವಿಷಯಕ್ಕೆ ಬಂದರೆ ನಮ್ಮ ಹಿರಿಯರ ಕ್ರಮವೇ ನನಗೆ ಮೆಚ್ಚುಗೆ. ಬಾಗಿಲ ತೋರಣ, ಮೇಜಿನ ಹೊದಿಕೆಗಳನ್ನು ಒಗೆದು, ತೆಳು ಅನ್ನದ ಗಂಜಿಯಲ್ಲಿ ಅದ್ದಿ, ಚಾಪೆಯ ಮೇಲೆ ಒಂದೊಂದು ಹೂವಿನ ಎಸಳನ್ನೂ ಬೆರಳಲ್ಲಿ ಬಿಡಿಸಿ ಒಣಗಿಸುತ್ತಿದ್ದರು. ಇದಕ್ಕಿಂತ ಒಳ್ಳೆಯ ದಾರಿ ನಾನು ಎಲ್ಲೂ ಕಂಡಿಲ್ಲ. ಕೆಂಪು ದಾರ ಇದ್ದರೆ ಮಾತ್ರ ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ.

ಎತ್ತಿಡುವ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಮಗುವಿನ ಕುಲಾವಿ, ಕಾಲುಚೀಲ, ಸ್ವೆಟರು ಇರುವ ಟ್ರಂಕಿಗೆ ದಯವಿಟ್ಟು ನುಸಿಗುಳಿಗೆ ಹಾಕಬೇಡಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಿಗೆ ಆ ಗುಳಿಗೆಯ ನ್ಯಾಫ್ತಲೀನ್ ಸೋಂಕಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗುತ್ತದೆ. ಮಗುವಿಗೆ ಆ ಕೊರತೆ ಇದೆ ಅಂತ ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ನುಸಿಯ ಮರಿ ಹುಡುಕಿಕೊಂಡು ಬರುವುದು ಬೆವರು, ಹಾಲು, ಎಣ್ಣೆಯ ಕಲೆ ಇರುವ ಉಣ್ಣೆಯನ್ನು. ಆದ್ದರಿಂದ ವರ್ಷಕ್ಕೊಮ್ಮೆ, ಚಳಿ ಮುಗಿದ ಮೇಲೆ ಎತ್ತಿಡುವ ಮುಂಚೆ ಒಗೆಯುವುದು ಬೇಕೇ ಬೇಕು. ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಮಡಚಿಡಿ. ಹ್ಯಾಂಗರಿಗೆ ಹಾಕಿದರೆ ಭುಜ ಜಗ್ಗುತ್ತದೆ. ನುಸಿ ಬಿದ್ದ ಅನುಮಾನವಿದ್ದರೆ ಚೀಲದ ಸಮೇತ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೊಟ್ಟೆಯೂ ಮರಿಯೂ ಸಾಯುತ್ತವೆ.

ಹೆಣೆದು ಉಡುಗೊರೆ ಕೊಡುವ ಅತ್ತೆ, ಅಜ್ಜಿ, ದೊಡ್ಡಮ್ಮಂದಿರಲ್ಲಿ ಒಂದು ಕೋರಿಕೆ. ದಾರದ ಉಂಡೆಗೆ ಸುತ್ತಿ ಬರುವ ಕಾಗದದ ಪಟ್ಟಿಯನ್ನು ಎಸೆಯಬೇಡಿ. ಯಾವ ದಾರ, ಎಷ್ಟು ಬಿಸಿ ನೀರು ತಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ಉಳಿದ ಒಂದು ಮೊಳ ದಾರವನ್ನು ಆ ಪಟ್ಟಿಗೆ ಸುತ್ತಿ ಸ್ವೆಟರಿನ ಜೊತೆಗೇ ಕೊಡಿ. ನಾಳೆ ಮೊಣಕೈ ಹರಿದರೆ ಹೊಲಿಯಲು ಅದೇ ಬಣ್ಣದ ದಾರ ಸಿಗುತ್ತದೆ.