ಹೊಂಗೆ ಬುಡಕ್ಕೊಂದು ಕಲ್ಲು ಇಡಿ

ಬಂತು ನೋಡಿ ಮತ್ತೆ ಆ ಸುದ್ದಿ. ‘ಗುಲಾಬಿ ಹೊದ್ದ ಬೆಂಗಳೂರು’. ವರ್ಷ ವರ್ಷವೂ ಅದೇ ಹೆಡ್ಡಿಂಗು, ಬಹುಶಃ ಅದೇ ಫೋಟೋ. ಗುಲಾಬಿ ಬಣ್ಣದ ಹೂವು ಬಿಡುವ ಟಬೆಬುಯಾ ಮರದ ಕೆಳಗೆ ಜನ ನಡುರಸ್ತೆಯಲ್ಲೇ ನಿಂತು ರೀಲ್ಸ್ ಮಾಡುತ್ತಾರೆ. ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಲೇ ಇರುತ್ತದೆ.

ಆ ಮರದ ಮೇಲೆ ನನಗೇನೂ ಸಿಟ್ಟಿಲ್ಲ. ಅಮೆರಿಕ ಖಂಡದ ಕಡೆಯಿಂದ ಬಂದಿದೆ, ಚೆನ್ನಾಗಿಯೇ ಇದೆ. ಗುಲ್‌ಮೊಹರ್ ಕೂಡ ಮಡಗಾಸ್ಕರ್‌ನದು. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಮರ ನೆಡಿಸಿದರು. ಅವರ ಲೆಕ್ಕದಲ್ಲಿ ರಸ್ತೆಗೆ ಮರ ಬೇಕಿತ್ತು. ನಮ್ಮ ಲೆಕ್ಕದಲ್ಲಿ ಪಾರ್ಕಿಂಗ್ ಸಾಕು.

ಪಕ್ಕದಲ್ಲೇ ಇರುವ ನಮ್ಮ ಹೊಂಗೆಯನ್ನು ಯಾರು ಕೇಳುತ್ತಾರೆ? ಯುಗಾದಿ ಹೊತ್ತಿಗೆ ಫಳಫಳ ಚಿಗುರು, ಸುಡು ಬಿಸಿಲಲ್ಲಿ ತಂಪು ನೆರಳು. ಬೀಜದ ಎಣ್ಣೆಯಲ್ಲಿ ಊರಿಗೆ ಊರೇ ದೀಪ ಹಚ್ಚಿತ್ತು. ಏನು ಮಾಡೋದು, ಫೋಟೋಗೆ ಬರಲ್ಲ. ಹೂವು ಪುಟ್ಟದು, ಬಿಳಿಯೋ ನೇರಳೆಯೋ ಗೊತ್ತಾಗದ ಬಣ್ಣ. ಸಾಲದ್ದಕ್ಕೆ ಕಾರಿನ ಮೇಲೆ ಉದುರುತ್ತದೆ. ತಕ್ಷಣ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೆಸೇಜು: ‘ಕಾರು ಗಲೀಜಾಗ್ತಿದೆ, ಕೊಂಬೆ ಕಡಿಸಿ.’ ಬರೆದವರ ಡಿಪಿಯಲ್ಲಿ ಗುಲಾಬಿ ಮರ. ನೇರಳೆ ಮರದ್ದೂ ಇದೇ ಪಾಡು. ಹಣ್ಣನ್ನು ಡಬ್ಬಿಗೆ ತುಂಬಿ ಮಾರಿದರೆ ಕೇಳಿದಷ್ಟು ಕೊಡುತ್ತೇವೆ, ಮನೆ ಮುಂದೆ ಬಿದ್ದರೆ ಕಲೆ.

ಅರಳಿ ಮರ ಮಾತ್ರ ಜಾಣ. ಬುಡದಲ್ಲಿ ನಾಗರಕಲ್ಲು ಇಟ್ಟುಕೊಂಡು ಬದುಕಿಬಿಟ್ಟಿತು. ಜೆಸಿಬಿ ಡ್ರೈವರ್ ಕೂಡ ಚಪ್ಪಲಿ ಬಿಟ್ಟು, ಕೈ ಮುಗಿದು ವಾಪಸ್ ಹೋಗುತ್ತಾನೆ. ಮರ ಉಳಿಸಲು 1976ರ ಕಾಯ್ದೆಯೂ ಒಂದಿದೆಯಂತೆ, ಇರಲಿ. ನನ್ನ ಸಲಹೆ ಇಷ್ಟೇ: ಹೊಂಗೆ, ಬೇವು, ನೇರಳೆ, ಹಿಪ್ಪೆ, ಎಲ್ಲದರ ಬುಡಕ್ಕೂ ರಾತ್ರೋರಾತ್ರಿ ಒಂದೊಂದು ಕಲ್ಲು ಇಟ್ಟು ಅರಿಶಿನ ಕುಂಕುಮ ಹಚ್ಚಿ. ಬೆಳಗ್ಗೆ ಬಂದ ಎಂಜಿನಿಯರ್ ಮೊದಲು ಮಂಗಳಾರತಿ ತಗೊಳ್ಳುತ್ತಾರೆ. ಮೆಟ್ರೋ ಬೇಕಾದರೆ ಸುತ್ತು ಹೊಡೆದು ಹೋಗಲಿ, ಅಲ್ವಾ?

ನಗು ಬರುತ್ತೆ ಅಂತ ಬರೆಯುತ್ತಿಲ್ಲ. ಪಾಲಿಕೆಯವರೇ, ಕೇಬಲ್ಲಿಗೆ ಅಂತ ಅಗೆದು ಬೇರು ಕತ್ತರಿಸುತ್ತೀರಿ. ಬುಡಕ್ಕೆ ಕುತ್ತಿಗೆವರೆಗೆ ಕಾಂಕ್ರೀಟು ಸುರಿಯುತ್ತೀರಿ. ನೀರು ಇಳಿಯಲು ಒಂದು ಹಿಡಿ ಮಣ್ಣು ಬಿಡಲ್ಲ. ಏಪ್ರಿಲ್ ಗಾಳಿಮಳೆಗೆ ಮರ ಉರುಳಿದರೆ ‘ಹಳೇ ಮರ, ಅಪಾಯ’ ಅಂತ ಪಕ್ಕದ್ದನ್ನೂ ಕಡಿಯುತ್ತೀರಿ. ಒಂದಕ್ಕೆ ಹತ್ತು ಸಸಿ ನೆಡ್ತೀವಿ ಅನ್ನುತ್ತೀರಲ್ಲ, ಎಲ್ಲಿ ನೆಟ್ಟಿರಿ? ನೀರು ಯಾರು ಹಾಕ್ತಿದ್ದಾರೆ?