ಸ್ವಂತ ಶೈಲಿ ಇಲ್ಲದಿದ್ದುದು ದೌರ್ಬಲ್ಯವಲ್ಲ

ಜಮೈಕಾದ ‘ಬೈರನ್ ಲೀ ಅಂಡ್ ದಿ ಡ್ರಾಗನೇರ್ಸ್’ ತಂಡಕ್ಕೆ ಸ್ವಂತ ಶೈಲಿಯೇ ಇರಲಿಲ್ಲ, ಬೇರೆಯವರ ಹಾಡುಗಳನ್ನೇ ನುಡಿಸಿ ಬದುಕಿತು ಎಂದು ಆ ತಂಡದ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ನಿವಲ್, ಅಂದರೆ ಹಾಡು-ಕುಣಿತದ ಬೀದಿ ಉತ್ಸವದ ವಾದ್ಯತಂಡದ ಕೆಲಸವೇ ಬೇರೆ. ಬೀದಿಯಲ್ಲಿ ಲಾರಿಯ ಮೇಲೆ ನಿಂತು, ಆ ವರ್ಷ ಜನರ ಬಾಯಲ್ಲಿರುವ ಹಾಡುಗಳನ್ನು ಗಂಟೆಗಟ್ಟಲೆ, ಕುಣಿಯುವವರ ಹೆಜ್ಜೆ ತಪ್ಪದಂತೆ ನುಡಿಸಬೇಕು. ಅಲ್ಲಿ ಸ್ವಂತ ರಚನೆಗಿಂತ ಶಿಸ್ತು ಮತ್ತು ದಮ್ಮು ದೊಡ್ಡವು.

1950ರ ಸುಮಾರಿಗೆ ಬೈರನ್ ಲೀ ನಾಯಕತ್ವದಲ್ಲಿ ಹುಟ್ಟಿದ ಈ ತಂಡ ಜಮೈಕಾದ ಕುಣಿತದ ಸಂಗೀತವಾದ ಸ್ಕಾ ನುಡಿಸಿತು, 1962ರ ಮೊದಲ ಜೇಮ್ಸ್ ಬಾಂಡ್ ಚಿತ್ರದಲ್ಲಿ ಕಾಣಿಸಿಕೊಂಡಿತು, ಆಮೇಲೆ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಹಾಡಿನ ಪ್ರಕಾರವಾದ ಕ್ಯಾಲಿಪ್ಸೊ, ಅದರಿಂದ ಬೆಳೆದ ಕುಣಿತದ ಸಂಗೀತ ಸೋಕಾ ಕಡೆಗೆ ಹೊರಳಿತು. ಸೋಕಾದ ತವರಾದ ಟ್ರಿನಿಡಾಡ್‌ಗೇ ಹೋಗಿ, ಅಲ್ಲಿಯ ಕಾರ್ನಿವಲ್‌ನಲ್ಲಿ ಅಲ್ಲಿಯ ಜನರನ್ನೇ ಕುಣಿಸುವುದು ಹೊರಗಿನ ತಂಡವೊಂದಕ್ಕೆ ಸಾಮಾನ್ಯ ಸಾಧನೆಯೇ? ಇದನ್ನು ಅನುಕರಣೆ ಎನ್ನುವುದು ಅನ್ಯಾಯ.

ತಂಡದ ದೀರ್ಘಾಯುಷ್ಯದ ಇನ್ನೊಂದು ಕಾರಣವನ್ನು ಲೇಖನ ಮುಟ್ಟಿಯೇ ಇಲ್ಲ: ಹಣ ಮತ್ತು ಸ್ಟುಡಿಯೊ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಡೈನಮಿಕ್ ಸೌಂಡ್ಸ್ ಸ್ಟುಡಿಯೊ ಲೀ ಅವರದೇ ಆಗಿತ್ತು. 1972ರಲ್ಲಿ ಬ್ರಿಟನ್ನಿನ ಹೆಸರಾಂತ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಕೂಡ ಧ್ವನಿಮುದ್ರಣಕ್ಕೆ ಅಲ್ಲಿಗೇ ಬಂದಿತು. ತನ್ನ ಹಾಡು ಯಾವಾಗ ಹೊರಬರಬೇಕೆಂದು ತಾನೇ ನಿರ್ಧರಿಸಬಲ್ಲ ತಂಡ ಇನ್ನೊಬ್ಬರ ಕೃಪೆಗೆ ಕಾಯಬೇಕಿಲ್ಲ. ಕೆರಿಬಿಯನ್‌ನ ಎಷ್ಟೋ ಪ್ರತಿಭಾವಂತರಿಗೆ ಈ ಅನುಕೂಲ ದಕ್ಕಲಿಲ್ಲ ಎಂಬುದನ್ನೂ ಹೇಳಬೇಕಿತ್ತು.

1990ರಲ್ಲಿ ಜಮೈಕಾ ಕಾರ್ನಿವಲ್ ಆರಂಭಿಸಿ, ರೆಗ್ಗೇ ಸಂಗೀತದ ನಾಡಿನ ಬೀದಿಗಳಿಗೆ ಸೋಕಾ ತಂದವರೂ ಲೀ ಅವರೇ. 2008ರಲ್ಲಿ ಅವರು ತೀರಿಕೊಂಡ ಮೇಲೂ ತಂಡ ವೇದಿಕೆ ಬಿಡಲಿಲ್ಲ. ಬರೀ ನಕಲು ಮಾಡುವ ತಂಡವಾಗಿದ್ದರೆ ನಾಯಕನ ಜೊತೆಗೇ ಅದೂ ಮುಗಿಯುತ್ತಿತ್ತು.